ನಮ್ಮ ಹಾಲ್ಟಿನಲ್ಲಿ ಹದಿನಾಲ್ಕು ಟಿಕೆಟ್ಟು

ಆ ದಿನವೂ ಎಂದಿನಂತೆ ನೀರು ಕಾಯಿಸಿ, ಬಾಗಿಲಿಗೆ ರಂಗೋಲಿ ಎಳೆದು ರೊಟ್ಟಿ ತಟ್ಟಲು ಕೂತೆ. ಅತ್ತೆ ಶೇಂಗಾ ಚಟ್ನಿಪುಡಿಯನ್ನು ಡಬ್ಬಿಗೆ ಒತ್ತಿ ಒತ್ತಿ ತುಂಬುತ್ತಾ, "ಇನ್ನೊಂದಿಷ್ಟು ರೊಟ್ಟಿ ಮಾಡವ್ವ. ಟ್ರೈನಾಗೆ ನಮ್ ಬೀದಿ ಹೆಂಗಸ್ರೆಲ್ಲಾ ಬರ್ತಾರೆ" ಎಂದರು.

ತಳಕಿನ ಆಚೆಗಿರುವ ನಮ್ಮೂರಿಗೆ ಸ್ಟೇಷನ್ ಇಲ್ಲ, ಹಾಲ್ಟ್ ಇದೆ. ಒಂದು ಸಿಮೆಂಟು ಬೆಂಚು, ಒಂದು ಬೇವಿನ ಮರ, ಕಮಿಷನ್ ಮೇಲೆ ಟಿಕೆಟ್ ಮಾರುವ ಒಬ್ಬ ಅಜ್ಜ. ಬೆಳಿಗ್ಗೆ ಮೊಳಕಾಲ್ಮೂರಿನ ಕಡೆ ಹೋಗುವ ಪ್ಯಾಸೆಂಜರ್ ಸಂಜೆ ವಾಪಸು ಬರುತ್ತದೆ. ಅಲ್ಲಿ ಅತ್ತೆಯ ಅಕ್ಕ ಇದ್ದಾರೆ, ಕಣ್ಣು ಕಾಣುವುದಿಲ್ಲ. ಬಸ್ಸು ಹತ್ತಿದರೆ ಅತ್ತೆಗೆ ಎರಡನೇ ಸ್ಟಾಪಿಗೇ ವಾಂತಿ. ವಾರಕ್ಕೊಮ್ಮೆ ಹೋಗಿ ಅಕ್ಕನ ಕೈ ಹಿಡಿದು ಕೂತು ಬರಲು ಅವರಿಗಿರುವುದು ಈ ರೈಲೊಂದೇ.

ಅದು ಇನ್ನು ಇಲ್ಲಿ ನಿಲ್ಲಲಿಕ್ಕಿಲ್ಲ ಎಂಬ ಸುದ್ದಿಯನ್ನು ಹಿಂದಿನ ವಾರ ಅಜ್ಜನೇ ಹೇಳಿದ್ದ. ಇಲ್ಲಿ ಯಾರೂ ಹತ್ತುವುದಿಲ್ಲ ಎಂದು ಮೇಲಿನವರು ತಿಳಿದಿದ್ದಾರಂತೆ. ಹತ್ತುವುದೇನೋ ದಿನಾ ಹತ್ತುತ್ತಾರೆ, ಟಿಕೆಟ್ ಕೊಳ್ಳುವುದಿಲ್ಲ. ಮೋಸ ಮಾಡಬೇಕೆಂದಲ್ಲ. ತಮ್ಮ ಹೊಲದ ಪಕ್ಕದಲ್ಲೇ ಹೋಗುವ ರೈಲಿಗೆ ದುಡ್ಡು ಕೊಡುವುದೆಂದರೆ ಬೀಗರ ಮನೆಯಲ್ಲಿ ಉಂಡು ದುಡ್ಡು ಕೊಟ್ಟ ಹಾಗೆ ಅನ್ನಿಸುತ್ತದೆ ಇಲ್ಲಿಯವರಿಗೆ. ಕಾನ್ವೆಂಟಿನ ಸಿಸ್ಟರುಗಳ ಕೈಕೆಳಗೆ ಓದಿದ ನಾನು ಮಾತ್ರ ನನಗೂ ಅತ್ತೆಗೂ ಕೊಳ್ಳುತ್ತಿದ್ದೆ. "ನಿಮ್ಮಿಬ್ರ ಟಿಕೆಟ್ ಮ್ಯಾಲೇ ಟ್ರೈನ್ ನಿಂತೈತೆ ನೋಡವ್ವ" ಎಂದು ಅಜ್ಜ ನಗುತ್ತಿದ್ದ.

ಸುದ್ದಿ ಕೇಳಿದ ಅತ್ತೆ ಮನೆಮನೆಗೆ ಹೋಗಿ, "ಕೆಲ್ಸ ಇಲ್ದಿದ್ರೂ ಬರ್ರಿ, ಟಿಕೆಟ್ ತಗಂಡು ಬರ್ರಿ" ಎಂದು ಹೇಳಿ ಬಂದರು. ಮದುವೆಗೆ ಕರೆದಂತೆಯೇ ಇತ್ತು.

ನಾವು ಹದಿನಾಲ್ಕು ಹೆಂಗಸರು ಸಾಲಾಗಿ ನಿಂತಿದ್ದನ್ನು ಕಂಡು ಅಜ್ಜ ಗಾಬರಿಯಾದ. ತಾರೀಖಿನ ಮುದ್ರೆ ಒತ್ತಿದರೆ ಏನೂ ಮೂಡಲಿಲ್ಲ. ವಾರಕ್ಕೆ ನಮ್ಮೆರಡೇ ಟಿಕೆಟ್ ಕಾಣುತ್ತಿದ್ದ ಮಸಿಯ ಪ್ಯಾಡು ಒಣಗಿತ್ತು.

"ಏನಜ್ಜಾ, ನಿನ್ನ ಅಂಗ್ಡಿ ಮುಚ್ಚಿ ಎಷ್ಟು ದಿನ ಆತು?" ಸಾಲಿನಿಂದ ಒಬ್ಬಳು ಕೇಳಿದಳು.

"ನೀವೇ ಮುಚ್ಸಿದ್ದು ಕಣ್ರವ್ವಾ!" ಎನ್ನುತ್ತಾ ಅಜ್ಜ ಕುಡಿಯುವ ನೀರನ್ನೇ ಪ್ಯಾಡಿಗೆ ಎರಡು ಹನಿ ಚಿಮುಕಿಸಿದ. ನಮ್ಮೆಲ್ಲರ ಟಿಕೆಟ್ಟಿನ ಮೇಲೂ ತಿಳಿನೇರಳೆ ಬಣ್ಣದ, ಅರ್ಧ ಅಳಿಸಿದಂಥ ತಾರೀಖು.

ರೈಲಿನಲ್ಲಿ ನಮ್ಮ ಜೊತೆಗೇ ಬಂದಿದ್ದ ಅಂಗನವಾಡಿ ಟೀಚರ್ ಮೊಬೈಲ್ ತೆಗೆದು ಬುಲೆಟ್ ರೈಲಿನ ವಿಡಿಯೊ ತೋರಿಸಿದರು. ಅದರ ಮೂಗು ಬಾತುಕೋಳಿಯ ಕೊಕ್ಕಿನಂತಿತ್ತು.

"ಇದು ಬಂದ್ರೆ ಬೆಂಗ್ಳೂರು ಎಷ್ಟೊತ್ತು?"

"ಎಲೆಅಡಿಕೆ ಜಗಿದು ಉಗಿಯೋದ್ರೊಳಗೆ."

"ಅದ್ರಾಗೆ ಉಗಿಯಂಗಿಲ್ಲ ಕಣೇ, ಕಿಟಕಿ ತೆಗಿಯಲ್ಲ!"

"ಹಂಗಾರೆ ನಿನ್ಗಲ್ಲ ಬಿಡು ಆ ಟ್ರೈನು."

ಅತ್ತೆಯೊಬ್ಬರೇ ನಗಲಿಲ್ಲ. "ಅಷ್ಟು ಜೋರಾಗಿ ಹೋಗೋದು ನಮ್ಮೂರಾಗೆ ನಿಲ್ತೈತಾ?" ಎಂದರು.

ನಿಲ್ಲುವುದಿಲ್ಲ. ಆದರೂ ಅದು ಬರಲಿ ಎಂದು ನನಗೆ ಆಸೆ. ಬೆಳಿಗ್ಗೆ ಬೆಂಗಳೂರಿನ ಆಸ್ಪತ್ರೆಗೆ ಹೋಗಿ ರಾತ್ರಿ ಊಟಕ್ಕೆ ಮನೆ ಸೇರುವುದು ಯಾರಿಗೆ ಬೇಡ? ಆದರೆ ಅದನ್ನು ಹತ್ತಲು ನಾವು ಅದು ನಿಲ್ಲುವ ಊರಿನವರೆಗೆ ತಲುಪಬೇಕಲ್ಲ. ಈ ಪ್ಯಾಸೆಂಜರ್ ದಿನಕ್ಕೆ ಮೂರು ಸಲ ಬಂದು, ಹೇಳಿದ ಹೊತ್ತಿಗೆ ಆ ದೊಡ್ಡ ರೈಲಿನ ಬಾಗಿಲಿಗೆ ನಮ್ಮನ್ನು ಬಿಟ್ಟರೆ ಅದರ ವೇಗದಲ್ಲಿ ನಮಗೂ ಪಾಲಿರುತ್ತದೆ. ಅತ್ತೆಗೆ ಹಾಗೆಯೇ ಹೇಳಿದೆ. "ಮೊದ್ಲು ಇದು ನಿಲ್ಲಲಿ" ಎಂದು ಚಟ್ನಿಪುಡಿಯ ಡಬ್ಬಿಯನ್ನು ತೊಡೆಯ ಮೇಲೆ ಸರಿಮಾಡಿಕೊಂಡರು.

ಮೊಳಕಾಲ್ಮೂರಿನ ಮನೆಯಲ್ಲಿ ದೊಡ್ಡತ್ತೆ ನಮ್ಮ ಬಳೆಗಳ ಸದ್ದಿಗೇ ಎದ್ದು ನಿಂತರು. "ಊರಂತಾ ತೀಸ್ಕೊಚ್ಚಾವಾ ಚೆಲ್ಲೀ!" ಊರನ್ನೇ ಕರ್ಕಂಡು ಬಂದ್ಯಾ ತಂಗೀ ಎಂದು ತೆಲುಗಿನಲ್ಲಿ ಕೇಳುತ್ತಾ ಹದಿನಾಲ್ಕು ಜನರ ಕೆನ್ನೆಯನ್ನೂ ಒಂದೊಂದಾಗಿ ಮುಟ್ಟಿದರು. ರೊಟ್ಟಿ ಸಾಲದೆ ಅಲ್ಲಿಯೇ ಅನ್ನಕ್ಕಿಟ್ಟೆವು.

ಸಂಜೆ ಹಾಲ್ಟಿನಲ್ಲಿ ಇಳಿದಾಗ ಅಜ್ಜ, ಬೆಳಗಿನ ಟಿಕೆಟ್ಟುಗಳ ಲೆಕ್ಕವನ್ನು ಮೇಲಿನವರಿಗೆ ಬರೆದು ಕಳಿಸಿದೆನೆಂದ. ಒಂದು ದಿನದ್ದು ಸಾಲದು, ತಿಂಗಳೆಲ್ಲಾ ಹೀಗೇ ಇರಬೇಕು ಎಂದೂ ಸೇರಿಸಿದ. ಬೀದಿಗೆ ಬರುವಷ್ಟರಲ್ಲಿ ಯಾವ ದಿನ ಯಾರು ಟಿಕೆಟ್ ಕೊಳ್ಳುವುದೆಂದು ಸರದಿ ಹಂಚಿ ಆಗಿತ್ತು.

ಪಕ್ಕದ ಮನೆಯವನು ಆಟೊ ಓಡಿಸುತ್ತಾನೆ, ರೈಲು ಹತ್ತಿದವನೇ ಅಲ್ಲ. ಆಟೊದ ಗಾಜು ಒರೆಸುತ್ತಿದ್ದವನು ತಲೆ ಎತ್ತದೆಯೇ ಹೇಳಿದ:

"ಅಕ್ಕಾ, ನಾಳೆ ನಂದೂ ಒಂದು ಟಿಕೆಟ್ ತಗಳ್ರಿ. ನಾನೆಲ್ಲಿಗೂ ಹೋಗಲ್ಲ, ಸುಮ್ನೆ ಇರ್ಲಿ."