ಮುದ್ದಕ್ಕ ಎರಡು ಕಂಪ್ಯೂಟರಿಗೆ ಒಂದೇ ನೂಲು ಹಾಕಿದ್ದು

ನಮ್ಮ ದೊಡ್ಡವ್ವ ಮುದ್ದಕ್ಕ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಗೆ ಗ್ರಾಫ್ ಬರೆಯುವವಳು. ಸೀರೆಯ ಅಂಚಿಗೆ, ಸೆರಗಿಗೆ ಯಾವ ಚಿತ್ರ ಬರಬೇಕೋ ಅದನ್ನು ಮೊದಲು ಚೌಕುಳಿ ಹಾಳೆಯ ಮೇಲೆ ಬರೆಯಬೇಕು. ಆ ಹಾಳೆ ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಕಾರ್ಡು ಮಗ್ಗದ ಮೇಲೇರಿದರೆ ಚಿತ್ರ ಬಟ್ಟೆಗೆ ಇಳಿಯುತ್ತದೆ. ಒಂದು ಚೌಕ ತಪ್ಪಿದರೆ ನವಿಲಿನ ಕೊಕ್ಕು ಸೊಟ್ಟ.

ಅವಳು ಹುಟ್ಟಿದ್ದು ಅಲ್ಲೇ ಹತ್ತಿರದ ಸಿದ್ದಾಪುರದ ಕಡೆಯ ಕುರಿ ಕಾಯುವವರ ಮನೆಯಲ್ಲಿ. ಓದಿದ್ದು ನಾಲ್ಕನೇ ಕ್ಲಾಸು. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದ ಮೇಲೆ ಹರಿದ ಎಳೆ ಗಂಟು ಹಾಕುವ ಕೂಲಿಗೆ ಹೋದಳು. ಗ್ರಾಫ್ ಬರೆಯುವವರ ಹಿಂದೆ ನಿಂತು ನೋಡಿ ನೋಡಿಯೇ ಕಲಿತಳು. ಇಪ್ಪತ್ತು ವರ್ಷ ಪೆನ್ಸಿಲಿನಲ್ಲಿ ಬರೆದಳು. ಆಮೇಲೆ ಮುಚ್ಚಿಹೋದ ಒಂದು ಕಂಪ್ಯೂಟರ್ ಕ್ಲಾಸಿನವರಿಂದ ಹಳೆಯ ಪೆಂಟಿಯಮ್ ಒಂದನ್ನು ಕೊಂಡು ತಂದಳು. ಆಗ ಅವಳಿಗೆ ನಲವತ್ತನಾಲ್ಕು. ಇಂಗ್ಲಿಷ್ ಬಾರದಿದ್ದರಿಂದ ಪರದೆಯ ಮೇಲಿನ ಪಟ್ಟಿಗಳನ್ನು ಜಾಗದ ಲೆಕ್ಕದಲ್ಲಿ ನೆನಪಿಟ್ಟುಕೊಂಡಳು. "ಮೂರನೇ ಮನೆ ತೆಗಿ, ಮೇಲಿಂದ ಐದನೇದು ಒತ್ತು, ಬಣ್ಣ ತುಂಬ್ತೈತೆ" ಎಂದು ನನಗೂ ಹೇಳಿಕೊಟ್ಟಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಹೆಚ್ಚಾಗಿ ಅವಳ ಮನೆಯಲ್ಲೇ ಇರುತ್ತಿದ್ದೆ. ಹಾಗಾಗಿ ಇಲ್ಲಿ ಬರೆದಿರುವುದೆಲ್ಲ ನಾನು ಕಂಡದ್ದು.

ಅಷ್ಟು ವರ್ಷ ಅವಳು ಬರೆದದ್ದೆಲ್ಲ ಬೇರೆಯವರ ಚಿತ್ರ. ಅದೇ ನವಿಲು, ಅದೇ ಮಾವಿನಕಾಯಿ, ಅದೇ ಗುಡಿ ಅಂಚು. ೨೦೦೨ರಲ್ಲಿ ಒಂದು ದಿನ ತನ್ನದೇ ಒಂದು ಸೆರಗು ಬರೆಯಲು ಕೂತಳು. ಕಲ್ಲುಗುಡ್ಡದಿಂದ ಸಾಲುಗಟ್ಟಿ ಇಳಿಯುವ ಕುರಿಹಿಂಡು. ಅದನ್ನು ನೇಯಬೇಕಾದವನು ಪಕ್ಕದ ಬೀದಿಯ ಜೋಗಪ್ಪ. ಅವನು ಹಾಳೆ ನೋಡಿ ನಕ್ಕುಬಿಟ್ಟ.

"ಮದುವೆ ಹುಡುಗಿ ಕುರಿ ಉಟ್ಕಂಡು ಹಸೆಮಣೆ ಏರ್ತಾಳೇನು ಮುದ್ದಕ್ಕ?"

"ಸೀರೆ ಹೇಳಿರೋರು ಕುರಿಯೋರೇ ಜೋಗಣ್ಣ. ಅವರೇನು ಮನೇಲಿ ನವಿಲು ಸಾಕ್ಯಾರಾ?"

"ಸರಿ ಬಿಡು. ಸೋಮವಾರ ಬೆಳಗ್ಗೆ ಗ್ರಾಫ್ ನನ್ನ ಕೈಯಾಗಿರಬೇಕು. ಇಲ್ಲಾಂದ್ರೆ ಹಳೇ ಮಾವಿನಕಾಯಿ ಕಾರ್ಡೇ ಏರಿಸ್ತೀನಿ. ಹಾಸು ನೂಲು ಕಟ್ಟಿ ಮಗ್ಗ ಖಾಲಿ ಬಿಡಾಕಾಗಲ್ಲ."

ಕಷ್ಟ ಬಂದದ್ದು ಅಲ್ಲೇ. ಒಂದು ಕುರಿ ಬರೆಯುವವರೆಗೆ ಹಳೆಯ ಪೆಂಟಿಯಮ್ ಸುಮ್ಮನಿತ್ತು. ಅದನ್ನು ಇನ್ನೂರ ನಲವತ್ತು ಕುರಿ ಮಾಡಿ ಸೆರಗಿಗೆಲ್ಲ ಬಣ್ಣ ತುಂಬು ಎಂದರೆ ನಿಂತುಹೋಗುತ್ತಿತ್ತು. ಮೂರು ದಿನ ಹೀಗೇ ಆಯಿತು. ಶುಕ್ರವಾರ ಬೆಳಗ್ಗೆ ಮುದ್ದಕ್ಕ ಕುರಿ ಚಿತ್ರದ ಎರಡು ಫ್ಲಾಪಿ, ಸಾಫ್ಟ್‌ವೇರಿನ ಒಂದು ಸಿ.ಡಿ. ಸೆರಗಿನಲ್ಲಿ ಸುತ್ತಿಕೊಂಡು ನನ್ನನ್ನೂ ಕರೆದುಕೊಂಡು ಚಳ್ಳಕೆರೆ ಬಸ್ಸು ಹತ್ತಿದಳು.

ಚಳ್ಳಕೆರೆಯಲ್ಲಿ ಬಿಡಿಭಾಗ ತರಿಸಿ ಕಂಪ್ಯೂಟರ್ ಜೋಡಿಸಿಕೊಡುವ ಈರೇಶ್ ನಮಗೆ ಪರಿಚಯದವನು. ಅವನ ಮೇಜಿನ ಮೇಲೆ ಎರಡು ಹೊಸ ಪೆಟ್ಟಿಗೆ ಇದ್ದವು. ಒಂದರಲ್ಲಿ ಪೆಂಟಿಯಮ್ ತ್ರೀ, ಒಂದು ಗಿಗಾಹರ್ಟ್ಸ್. ಇನ್ನೊಂದರಲ್ಲಿ ಪೆಂಟಿಯಮ್ ಫೋರ್, ಒಂದೂವರೆ.

"ಇದರಾಗೆ ನೋಡೋದೇನೈತೆ ಅಕ್ಕಾರೆ? ಮೂರಕ್ಕಿಂತ ನಾಲ್ಕು ದೊಡ್ಡದು, ಒಂದಕ್ಕಿಂತ ಒಂದೂವರೆ ದೊಡ್ಡದು" ಎಂದ ಈರೇಶ್.

"ಅಂಕಿ ನಂಗೂ ಬರ್ತೈತಪ್ಪ. ಎರಡೂ ನನ್ನ ಕುರಿ ಇಳಿಸಿ ತೋರಿಸ್ಲಿ."

ಅವನು ನಗುತ್ತಲೇ ಎರಡಕ್ಕೂ ಅವಳ ಸಾಫ್ಟ್‌ವೇರ್ ಹಾಕಿದ. ಮುದ್ದಕ್ಕ ಗೋಡೆ ಗಡಿಯಾರದ ಕಡೆ ನೋಡಲೂ ಇಲ್ಲ. ಗುಂಡಿ ಒತ್ತಿದ ಕೂಡಲೇ ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಇಲ್ಲದ ಲಾಳಿ ಎಸೆಯುತ್ತಾ ಎಣಿಸತೊಡಗಿದಳು. ನಮ್ಮ ಬೀದಿಯಲ್ಲಿ ಅನ್ನ ಬೇಯುವುದನ್ನೂ ಹೀಗೇ ಎಣಿಸುತ್ತಾರೆ. ಅಂಗಡಿಗೆ ಬಂದಿದ್ದವರೆಲ್ಲ ಬಂದು ಸುತ್ತ ನಿಂತರು. ಫೋರ್ ಐವತ್ತೆರಡು ಲಾಳಿಗೆ ಮುಗಿಸಿತು. ತ್ರೀಗೆ ನೂರ ಮೂವತ್ತು ಬೇಕಾಯಿತು.

"ನೋಡಿದ್ರಾ? ಪ್ಯಾಕ್ ಮಾಡ್ಲಾ?" ಎಂದು ಈರೇಶ್ ದಾರ ತೆಗೆದ.

ಮುದ್ದಕ್ಕ ಏಳಲಿಲ್ಲ. "ತಡಿ. ಎರಡರೊಳಗೂ ಬಾಕಿದ್ದೆಲ್ಲ ಒಂದೇನಾ?"

"ಹೆಚ್ಚು ಕಮ್ಮಿ ಒಂದೇ. ಫೋರಿಗೆ ಇನ್ನೂರೈವತ್ತಾರರ ರ‍್ಯಾಮ್ ಹಾಕೀನಿ, ತ್ರೀಗೆ ಅರವತ್ತನಾಲ್ಕು."

"ರ‍್ಯಾಮ್ ಅಂದ್ರೆ?"

"ಕೆಲಸ ಮಾಡುವಾಗ ಸಾಮಾನು ಹರವಿಕೊಳ್ಳೋ ಜಾಗ ಅಕ್ಕಾರೆ."

"ಅಯ್ಯೋ ನಿನ್ನ! ಒಂದು ಮಗ್ಗಕ್ಕೆ ಒಳ್ಳೇ ನೂಲು, ಇನ್ನೊಂದಕ್ಕೆ ಗಂಟು ನೂಲು ಕೊಟ್ಟು ಯಾವ ಮಗ್ಗ ಚೆಂದ ಅಂತ ಕೇಳ್ತೀಯಲ್ಲ! ಬಿಚ್ಚು. ಅದನ್ನೇ ತೆಗೆದು ಇದಕ್ಕೆ ಹಾಕು."

ನಮ್ಮಲ್ಲಿ ಹೊಸ ಮಗ್ಗ ಪರೀಕ್ಷೆ ಮಾಡುವುದೇ ಹಾಗೆ. ಹಳೆಯ ಮಗ್ಗದಲ್ಲಿ ಓಡುತ್ತಿರುವ ನೂಲನ್ನೇ ಹೊಸದಕ್ಕೂ ಹಾಕುತ್ತಾರೆ. ನೂಲು ಬೇರೆಯಾದರೆ ಮಗ್ಗದ ಗುಣ ತಿಳಿಯುವುದಿಲ್ಲ. ಈರೇಶ್ ಸ್ಕ್ರೂ ಬಿಚ್ಚಿ ರ‍್ಯಾಮಿನ ಪುಟ್ಟ ಹಸಿರು ಪಟ್ಟಿಯನ್ನು ಫೋರಿನಿಂದ ತೆಗೆದು ತ್ರೀಗೆ ಸಿಕ್ಕಿಸಿದ. ಈ ಸಲ ಅವನೂ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. ಲಾಳಿ ಮತ್ತೆ ಓಡಿತು.

ನಲವತ್ತನಾಲ್ಕಕ್ಕೆ ಕುರಿಗಳೆಲ್ಲ ಇಳಿದವು.

ಈರೇಶ್ ಪರದೆ ನೋಡಿದ, ಗಡಿಯಾರ ನೋಡಿದ. "ಫೋರಿಗಿಂತ ಎಂಟು ಲಾಳಿ ಕಮ್ಮಿ! ಹೆಂಗೆ ಸಾಧ್ಯ?"

ಮುದ್ದಕ್ಕನಿಗೂ ನಂಬಿಕೆ ಬರಲಿಲ್ಲ. ಪಟ್ಟಿಯನ್ನು ವಾಪಸ್ಸು ಹಾಕಿಸಿ ಫೋರನ್ನು ಇನ್ನೊಮ್ಮೆ ಓಡಿಸಿದಳು. ಐವತ್ಮೂರು. ಅಷ್ಟರಲ್ಲಿ ಈರೇಶನಿಗೇ ಹುರುಪು ಬಂದು ಚಿತ್ರದುರ್ಗದ ತನ್ನ ಗುರುವಿಗೆ ಫೋನ್ ಹಚ್ಚಿದ. ಮಾತಾಡಿ ಬಂದು ತಲೆ ಕೆರೆದುಕೊಂಡ.

"ಗಿಗಾ ಅಂದ್ರೆ ಸೆಕೆಂಡಿಗೆ ಎಷ್ಟು ಏಟು ಅನ್ನೋದು ಮಾತ್ರ ಅಂತೆ ಅಕ್ಕಾರೆ. ಒಂದೊಂದು ಏಟಿಗೆ ಎಷ್ಟು ಕೆಲಸ ಆಗ್ತೈತೆ ಅನ್ನೋದು ಬೇರೆ. ಫೋರು ಏಟು ಜಾಸ್ತಿ ಹಾಕ್ತೈತೆ, ತ್ರೀ ಒಂದು ಏಟಿಗೆ ಜಾಸ್ತಿ ಮುಗಿಸ್ತೈತೆ."

ಮುದ್ದಕ್ಕನ ಮುಖ ಅರಳಿತು. "ಅಷ್ಟೇನಾ! ಟವಲ್ ಮಗ್ಗ ಟಕಟಕ ಅಂತೈತೆ, ಸೀರೆ ಮಗ್ಗ ನಿಧಾನ, ಆದ್ರೆ ಒಂದು ಏಟಿಗೆ ಅದರ ಅಗಲ ಜಾಸ್ತಿ. ಸಂಜೆ ಅಳೆದ್ರೆ ಯಾರ ಬಟ್ಟೆ ಜಾಸ್ತಿ?"

ಸುತ್ತ ನಿಂತವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಈರೇಶನೇ. ಆದರೂ ನ್ಯಾಯವಾಗಿ ಒಂದು ಮಾತು ಹೇಳಿದ. "ಸಿನಿಮಾ ನೋಡಾಕೆ, ಮುಂದೆ ಬರೋ ಹೊಸ ಸಾಫ್ಟ್‌ವೇರಿಗೆ ಫೋರೇ ವಾಸಿ. ಆಮೇಲೆ ನನ್ನ ಬೈಬ್ಯಾಡ್ರಿ."

"ಮುಂದೆ ಬರೋದು ಬಂದಾಗ ಮತ್ತೆ ಲಾಳಿ ಎಣಿಸ್ತೀನಿ. ಈಗ ಸೋಮವಾರ ಬರ್ತಾ ಐತೆ. ಆ ದೊಡ್ಡ ರ‍್ಯಾಮ್ ಹಾಕಿ ತ್ರೀ ಕೊಡು."

ವಾಪಸ್ಸು ಬರುವಾಗ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಬಸ್ಸು ಕುಪ್ಪಳಿಸಿದಾಗಲೆಲ್ಲ ಎರಡೂ ಕೈಯಲ್ಲಿ ಅಪ್ಪುತ್ತಿದ್ದಳು. ರಾಯದುರ್ಗದ ಕಡೆಯ ಕಂಡಕ್ಟರ್ ಬಗ್ಗಿ ನೋಡಿ, "ಏಮ್ಮಾ, ಮಗೀಗೆ ಎಷ್ಟು ವರ್ಷ? ಅರ್ಧ ಟಿಕೆಟ್ಟಾ?" ಎಂದ. "ಇದು ಒಂದು ಗಿಗಾದ್ದು, ಇನ್ನೂ ಟಿಕೆಟ್ ಬೀಳಲ್ಲ" ಎಂದಳು ಮುದ್ದಕ್ಕ. ಅವನಿಗೆ ಏನೂ ತಿಳಿಯದಿದ್ದರೂ ನಗುತ್ತಾ ಮುಂದೆ ಹೋದ.

ಭಾನುವಾರ ಮಧ್ಯಾಹ್ನದೊಳಗೆ ಇನ್ನೂರ ನಲವತ್ತು ಕುರಿಗಳೂ ಹಾಳೆಗೆ ಬಂದವು. ಮುದ್ದಕ್ಕ ಒಂದೊಂದರ ಮೇಲೂ ಬೆರಳಿಟ್ಟು ಪರೀಕ್ಷೆ ಮಾಡಿದಳು. ಎರಡು ಕಡೆ ಕಿವಿಯ ಚೌಕ ತಪ್ಪಿತ್ತು, ತಿದ್ದಿದಳು. ಸೋಮವಾರ ಜೋಗಪ್ಪ ಬಾಗಿಲು ತೆರೆಯುವ ಮೊದಲೇ ಗ್ರಾಫ್ ಹಿಡಿದು ಅವನ ಜಗಲಿಯ ಮೇಲೆ ಕೂತಿದ್ದಳು.

ಕಾರ್ಡು ಹೊಡೆಸಿ, ಮಗ್ಗಕ್ಕೆ ಏರಿಸಿ, ಸೀರೆಯ ಮೈ ನೇಯ್ದು ಸೆರಗಿಗೆ ಬರುವ ಹೊತ್ತಿಗೆ ಮೂರು ವಾರವಾಯಿತು. ನೇಯುವಾಗ ಚಿತ್ರದ ಸರಿಯಾದ ಮುಖ ಕೆಳಗಡೆ ಇರುತ್ತದೆ. ಅದಕ್ಕೆ ಜೋಗಪ್ಪ ಮಗ್ಗದ ಕೆಳಗೆ ಕನ್ನಡಿ ಹಿಡಿದು ಬಗ್ಗಿದ. ತುಂಬ ಹೊತ್ತು ಏಳಲೇ ಇಲ್ಲ. ಮುದ್ದಕ್ಕ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು.

"ಏನಾತು ಜೋಗಣ್ಣ? ಸೊಟ್ಟ ಬಂತಾ?"

ಅವನು ತಲೆ ಎತ್ತದೆ ಒಳಗಿದ್ದ ಹೆಂಡತಿಯನ್ನು ಕೂಗಿದ. "ಲೇ ಇವಳೇ, ಬಾರೇ ಇಲ್ಲಿ! ಗುಡ್ಡದಿಂದ ಹಿಂಡು ಇಳೀತಾ ಐತೆ, ಮೇವು ತಗಂಡು ಬಾ!"

ಮುದ್ದಕ್ಕ ಅವನ ಕೈಯಿಂದ ಕನ್ನಡಿ ಕಿತ್ತುಕೊಂಡು ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು. ಕೆಂಪು ರೇಷ್ಮೆಯ ಮೇಲೆ ಜರಿಯ ಕುರಿಗಳು ಒಂದರ ಹಿಂದೊಂದು ನಿಂತಿದ್ದವು.

"ಎಲ್ಲದಕ್ಕೂ ಕಿವಿ ಬಂದಾವೆ ಕಣೇ" ಎಂದಳು ನನಗೆ, ಮಲಗಿದ್ದಲ್ಲಿಂದಲೇ.