ಹಿತ್ತಾಳೆ ಬಿಲ್ಲೆಗೆ ಲೈನಿಂಗ್ ಬಟ್ಟೆಯ ಬೆಳಕು

ಉರಿಗಾಂನಲ್ಲಿ ಚಿನ್ನದ ಗಣಿಯವರು ಕೆಲಸಗಾರರಿಗೆಂದು ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಯೊಂದರಲ್ಲಿ ನನ್ನ ಸೋದರತ್ತೆ ಇದ್ದಾಳೆ. ಅವಳ ಗಂಡ, ನನ್ನ ಮಾವ, ಸುರಂಗದೊಳಗೆ ಕೆಲಸ ಮಾಡುತ್ತಿದ್ದವರು. ಗಣಿ ಮುಚ್ಚಿತು, ಮಾವ ತೀರಿಕೊಂಡರು, ಅತ್ತೆ ಅದೇ ಮನೆಯಲ್ಲಿ ರವಿಕೆ ಹೊಲಿಯುತ್ತ ಉಳಿದಳು. ಮನೆಯನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಅವಳು ಗಣಿ ಕಚೇರಿಗೆ ಕೊಟ್ಟ ಅರ್ಜಿ ಹೋದ ವರ್ಷ ವಾಪಸ್ ಬಂತು. ಕಾಗದಪತ್ರಗಳನ್ನೆಲ್ಲ ಗೆದ್ದಲು ತಿಂದಿತ್ತು. ಮಾವ ಗಣಿಯಲ್ಲಿದ್ದರು ಎನ್ನುವುದಕ್ಕೆ ಉಳಿದಿದ್ದ ಸಾಕ್ಷಿ ಒಂದು ಹಿತ್ತಾಳೆ ಬಿಲ್ಲೆ ಮಾತ್ರ. ಕೆಳಗಿಳಿಯುವ ಪ್ರತಿ ಕೆಲಸಗಾರನಿಗೂ ಇಂಗ್ಲಿಷ್ ಅಂಕಿಯ ನಂಬರ್ ಒತ್ತಿ ಕೊಡುತ್ತಿದ್ದ ಅಂಥ ಬಿಲ್ಲೆ. ಅದರ ನಂಬರ್ ಓದಲಾಗುತ್ತಿಲ್ಲ, ಸ್ಪಷ್ಟ ಫೋಟೋ ಅಂಟಿಸಿ ಹದಿನೈದು ದಿನದೊಳಗೆ ಮತ್ತೆ ತನ್ನಿ ಎಂದು ಕಚೇರಿಯವರು ಅರ್ಜಿಯ ಅಂಚಿನಲ್ಲಿ ಬರೆದಿದ್ದರು.

ಓದಲಾಗದಿರಲು ಕಾರಣ ಅತ್ತೆಯೇ. ಮಾವ ಹೋದ ಮೇಲೆ ಪ್ರತಿ ಆಯುಧಪೂಜೆಗೆ ಅವಳು ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ ತಿಕ್ಕುತ್ತಿದ್ದಳು. ಹೊಲಿಗೆ ಯಂತ್ರದ ಪಕ್ಕ ಇಟ್ಟು ಕುಂಕುಮ ಹಚ್ಚುತ್ತಿದ್ದಳು. ಅಷ್ಟು ವರ್ಷಗಳ ತಿಕ್ಕಾಟಕ್ಕೆ ಅಂಕಿಗಳು ಸವೆದು ಬಿಲ್ಲೆ ಕನ್ನಡಿಯಂತಾಗಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಾಗ ನನಗೆ ಮೊದಲು ಕಂಡದ್ದು ನನ್ನ ಮೂಗು.

ನಾನು ಬಂಗಾರಪೇಟೆಯಲ್ಲಿ ಪತ್ರಿಕಾ ವರದಿಗಾರ. ಸಣ್ಣ ವಸ್ತುಗಳ ಚಿತ್ರವನ್ನು ತೀರಾ ಹತ್ತಿರದಿಂದ ತೆಗೆಯುವ ಹಳೆಯ ಲೆನ್ಸ್ ಒಂದು ನನ್ನ ಬಳಿ ಇದೆ. ರಜೆಯ ದಿನ ಕ್ಯಾಸಂಬಳ್ಳಿ ಕಡೆಯ ರಾಗಿ ಹೊಲಗಳಲ್ಲಿ ಜೇಡ, ಮಿಡತೆ ತೆಗೆಯುವ ಅಭ್ಯಾಸ. ಅದು ಅತ್ತೆಗೆ ಗೊತ್ತು.

"ಉಳುಗಳ ಕಾಲು ಎಣಿಸ್ತೀಯಲ್ಲ, ಇದನ್ನ ಒಂದು ತೆಗೆದುಕೊಡ್ಲಾ," ಅಂದಳು.

ಮೊದಲು ಫೋನಿನಲ್ಲಿ ತೆಗೆದೆ. ಬಿಲ್ಲೆಯೊಳಗೆ ಫೋನೂ ನನ್ನ ಬೆರಳುಗಳೂ ಕಂಡವು. ಕಾಗದವಿಟ್ಟು ಪೆನ್ಸಿಲ್ ಉಜ್ಜಿದೆ. ಬೂದುಬಣ್ಣದ ಒಂದು ವೃತ್ತ ಬಂತು, ಅಷ್ಟೆ. ಕ್ಯಾಮರಾಕ್ಕೆ ಫ್ಲ್ಯಾಷ್ ಸಿಕ್ಕಿಸಿ ಹೊಡೆದೆ. ಮಧ್ಯದಲ್ಲಿ ಬಿಳಿ ಮಚ್ಚೆ, ಅದರ ಕೆಳಗೆ ಲೆನ್ಸಿನ ನೆರಳು, ಸುತ್ತ ಕಪ್ಪು. ಅಂಕಿ ಇರಬೇಕಾದ ಜಾಗವೆಲ್ಲ ಆ ಬಿಳಿ ಮಚ್ಚೆಯೊಳಗೆ ಮುಳುಗಿತ್ತು.

ಆ ಚಿತ್ರಗಳನ್ನು ಬಂಗಾರಪೇಟೆಯ ಪರಿಚಯದ ಸ್ಟುಡಿಯೋದವನಿಗೆ ತೋರಿಸಿದೆ. ಅವನು ಪರದೆಯ ಮೇಲೆ ಒಮ್ಮೆ ಕಣ್ಣಾಡಿಸಿ ಕುರ್ಚಿಗೆ ಒರಗಿದ.

"ಅಣ್ಣ, ನಂಬರ್ ಹೇಳಿ ಸಾಕು. ಕಂಪ್ಯೂಟರಲ್ಲೇ ಒತ್ತಿಕೊಡ್ತೀನಿ. ಹಳೇದರಂಗೇ ಮಾಡ್ತೀನಿ, ಯಾವನಿಗೂ ಗೊತ್ತಾಗಲ್ಲ."

"ಬಿಲ್ಲೆಯಲ್ಲಿ ಕಾಣದ್ದನ್ನು ಫೋಟೋದಲ್ಲಿ ಹೇಗೆ ತೋರಿಸಲಿ?"

"ನಿಮ್ಮತ್ತೆಗೆ ಮನೆ ಬೇಕಾ, ನಿಮ್ಮ ನೀತಿ ಬೇಕಾ?"

"ಎರಡೂ."

"ಅಂಗಾದ್ರೆ ಆ ಫಳಫಳಾನೇ ಇಟ್ಕೊಂಡು ಕೂತ್ಕಳಿ," ಅಂದು ಅವನು ಪಾಸ್‌ಪೋರ್ಟ್ ಫೋಟೋಗೆ ಬಂದಿದ್ದವರನ್ನು ಒಳಗೆ ಕರೆದ.

ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ಆದರೆ ಮೂವತ್ತು ವರ್ಷ ಸುರಂಗದೊಳಗೆ ದುಡಿದವರ ಗುರುತನ್ನು ಸುಳ್ಳು ಅಂಕಿಯಿಂದ ಸಾಬೀತು ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ನಂಬರ್ ಆ ಲೋಹದಲ್ಲಿ ಇದೆಯೋ ಇಲ್ಲವೋ, ಅದನ್ನು ಲೋಹವೇ ಹೇಳಬೇಕು.

ಭಾನುವಾರ ಬೆಳಿಗ್ಗೆ ಕ್ಯಾಮರಾ ಚೀಲ ಹೆಗಲಿಗೇರಿಸಿಕೊಂಡು ಉರಿಗಾಂಗೆ ಹೋದೆ. ಮರುದಿನ ಸಂಜೆಗೆ ಕಚೇರಿಯ ಗಡುವು ಮುಗಿಯುತ್ತಿತ್ತು. ದಾರಿಯುದ್ದಕ್ಕೂ ಯೋಚಿಸಿದ್ದು ಒಂದೇ ವಿಷಯ. ನುಣುಪಾದ ಹಿತ್ತಾಳೆ ತನ್ನ ಎದುರಿಗಿರುವುದನ್ನೇ ತೋರಿಸುತ್ತದೆ. ಎದುರಿಗೆ ಸಣ್ಣ ಬಲ್ಬ್ ಇದ್ದರೆ ಮಚ್ಚೆ ತೋರಿಸುತ್ತದೆ. ಅಗಲವಾದ ಬಿಳಿ ಬೆಳಕು ಇದ್ದರೆ ಮೈಯೆಲ್ಲ ಬೆಳ್ಳಗಾಗುತ್ತದೆ, ಆಗ ಎಲ್ಲಾದರೂ ತಗ್ಗು ಉಳಿದಿದ್ದರೆ ಅದು ಕಪ್ಪಾಗಿ ಕಾಣಬೇಕು. ಫ್ಲ್ಯಾಷ್‌ನ ಬೆಳಕನ್ನು ಹಾಗೆ ಹರಡಿಸುವ ಡಿಫ್ಯೂಸರ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ತರಿಸಲು ದಿನಗಳು ಬೇಕು. ಮನೆಯಲ್ಲೇ ಮಾಡಬೇಕಿತ್ತು.

ಅತ್ತೆಗೆ ವಿವರಿಸಿದೆ. ಅವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟಳು.

"ಬೆಳಕಿಗೆ ರವಿಕೆ ತೊಡಿಸ್ಬೇಕು ಅನ್ನು."

"ಹಾಗೇ ಅನ್ಕೋ ಅತ್ತೆ. ಬಿಳೀದು ಬೇಕು. ತೆಳ್ಳಗಿರ್ಬೇಕು."

ಅವಳು ಕತ್ತರಿಸಿ ಉಳಿದ ಬಟ್ಟೆಗಳ ಗಂಟು ಬಿಚ್ಚಿ ಬಿಳಿ ಲೈನಿಂಗ್ ಬಟ್ಟೆ ಎಳೆದಳು. ಕಸೂತಿ ಹಾಕುವಾಗ ಬಟ್ಟೆ ಬಿಗಿಯುವ ಮರದ ರಿಂಗಿನಲ್ಲಿ ಅದನ್ನು ತಮಟೆಯಂತೆ ಬಿಗಿದಳು. ನಾನು ಸೀರೆಯ ರಟ್ಟಿನ ಡಬ್ಬಿಯನ್ನು ಕತ್ತರಿಸಿ, ಫ್ಲ್ಯಾಷ್ ಕಡೆ ಕಿರಿದಾಗಿ, ಬಿಲ್ಲೆಯ ಕಡೆ ಅಗಲವಾಗಿ ಬಾಗಿಸಿ ಗೂಡು ಮಾಡಿದೆ. ಒಳಗೆ ಬೇಕರಿ ಪೊಟ್ಟಣದ ಬೆಳ್ಳಿ ಕಾಗದ ಅಂಟಿಸಿದೆ. ಬಾಯಿಗೆ ಅತ್ತೆಯ ರಿಂಗ್ ಕಟ್ಟಿ, ಎಲ್ಲವನ್ನೂ ರಬ್ಬರ್ ಬ್ಯಾಂಡಿನಿಂದ ಫ್ಲ್ಯಾಷ್‌ಗೆ ಬಿಗಿದೆ. ಲೆನ್ಸಿನ ಮುಂದಕ್ಕೆ ಚಾಚಿ ಬಿಲ್ಲೆಯ ಮೇಲೆ ಬಾಗುವಂತೆ ಬಟ್ಟೆಗೆ ಗೆರೆ ಎಳೆಯುವ ಮರದ ಪಟ್ಟಿಯ ಆಸರೆ ಕೊಟ್ಟೆ.

ಅತ್ತೆ ದೂರ ನಿಂತು ನೋಡಿದಳು. "ಕೋಳಿ ಮುಚ್ಚೋ ಮಂಕರಿ ಇದ್ದಂಗೈತೆ."

ಮೊದಲ ಚಿತ್ರದಲ್ಲಿ ಮಚ್ಚೆ ದೊಡ್ಡದಾಯಿತು, ಹೋಗಲಿಲ್ಲ. ಬಟ್ಟೆಯ ಮಧ್ಯಭಾಗ ಮಾತ್ರ ಉರಿಯುತ್ತಿತ್ತು, ಅಂಚುಗಳು ಮಂಕಾಗಿದ್ದವು. ಎರಡು ಪದರ ಸೇರಿಸಿ ಕಟ್ಟಿದೆ. ಅದೇ ಮಚ್ಚೆ, ಇನ್ನಷ್ಟು ಮಂಕು. ಮಧ್ಯಾಹ್ನ ಊಟದ ಹೊತ್ತಾಯಿತು. ನಾನು ಉಣ್ಣಲಿಲ್ಲ, ಅತ್ತೆಯೂ ಉಣ್ಣಲಿಲ್ಲ.

"ಒಳಗೊಂದು ಈಚೆಗೊಂದು ಆಕಿ ನೋಡ್ಲಾ," ಅಂದಳು. "ರವಿಕೇಗೂ ಲೈನಿಂಗ್ ಒಳಗೇ ಇರ್ತದೆ. ಎರಡಕ್ಕೂ ಮಧ್ಯೆ ಗಾಳಿ ಬಿಡ್ಬೇಕು, ಇಲ್ಲಾಂದ್ರೆ ಮೈಗೆ ಅಂಟ್ಕಂತದೆ."

ಇನ್ನೊಂದು ಸಣ್ಣ ರಿಂಗನ್ನು ಗೂಡಿನ ನಡುವೆ ಸಿಕ್ಕಿಸಿದೆ. ಎರಡು ಬಟ್ಟೆಗಳ ನಡುವೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟೆ. ಮೊದಲ ಬಟ್ಟೆ ಬೆಳಕನ್ನು ಒಡೆಯಿತು, ಆ ಜಾಗದಲ್ಲಿ ಅದು ಹರಡಿತು, ಎರಡನೆಯ ಬಟ್ಟೆ ಅಂಚಿನವರೆಗೂ ಒಂದೇ ಸಮ ಬೆಳಗಿತು. ಆ ಬಿಳುಪು ಲೆನ್ಸಿಗೆ ಪ್ರತಿಫಲಿಸುವ ಕೋನಕ್ಕೆ ಬಿಲ್ಲೆಯನ್ನು ಓರೆಯಾಗಿಟ್ಟು ಕ್ಯಾಮರಾದ ಗುಂಡಿ ಒತ್ತಿದೆ.

ಕ್ಯಾಮರಾದ ಪರದೆಯಲ್ಲಿ ಬಿಲ್ಲೆ ಹಾಲಿನ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಕಂದುಗೆಂಪು ಗೀರುಗಳು ಎದ್ದಿದ್ದವು. ಕುಂಕುಮ. ಹುಣಸೆಹಣ್ಣು ಅಂಕಿಗಳ ಅಂಚನ್ನು ಸವೆಸಿದ್ದರೂ ವರ್ಷವರ್ಷವೂ ಹಚ್ಚಿದ ಕುಂಕುಮ ತಳದಲ್ಲಿ ಕೂದಲೆಳೆಯಷ್ಟು ಉಳಿದಿತ್ತು. ದೊಡ್ಡದು ಮಾಡಿ ನೋಡಿದೆ. ಐದು, ಒಂದು, ನಾಲ್ಕು, ಎರಡು.

ಅರ್ಜಿಯಲ್ಲಿ ಅತ್ತೆ ಬರೆಸಿದ್ದು ಐದು, ಏಳು, ನಾಲ್ಕು, ಎರಡು.

"ಅತ್ತೆ, ಎರಡನೇದು ಏಳಲ್ಲ. ಒಂದು."

"ಏಳು ಕಣ್ಲಾ. ಪೂಜೆ ಮಾಡೋಳು ನಾನಾ ನೀನಾ?"

"ಮಾವ ಹೇಳಿದ್ರಾ ಏಳು ಅಂತ?"

"ಅವರು ಇದ್ದಾಗ ನಾನು ಕೇಳ್ದೋಳೇ ಅಲ್ಲ. ಹೋಗಿ ಎಷ್ಟೋ ವರ್ಷಕ್ಕೆ, ಅರ್ಜಿ ಬರೆಸೋವಾಗ ನಾನೇ ಓದ್ಕಂಡಿದ್ದು."

"ಅಷ್ಟೊತ್ತಿಗೆ ಸವೆದಿತ್ತು. ನೀನೇ ನೋಡು. ಮೇಲಿನ ಗೀರು ಏಳಕ್ಕೆ ಸಾಲದಷ್ಟು ಗಿಡ್ಡ. ಕೆಳಗೆ ಅಡ್ಡ ಪಾದ ಇದೆ. ಪಕ್ಕದ ಐದಕ್ಕೂ ನಾಲ್ಕಕ್ಕೂ ಹಾಗಿಲ್ಲ, ಅಂದರೆ ಅದು ತಿಕ್ಕಿದ ಗೀರಲ್ಲ. ಏಳಕ್ಕೆ ಪಾದ ಯಾಕೆ?"

ಕನ್ನಡಕ ಹಾಕಿಕೊಂಡು ಅವಳು ಬಹಳ ಹೊತ್ತು ನೋಡಿದಳು. ಕೋನ ಬದಲಿಸಿ ಇನ್ನೂ ಆರು ಚಿತ್ರ ತೆಗೆದೆ. ಆರರಲ್ಲೂ ಪಾದವಿತ್ತು. ಒಂದೇ ಚಿತ್ರವನ್ನು ನಂಬಬಾರದು ಎನ್ನುವುದು ನನ್ನ ಕೆಲಸ ಕಲಿಸಿದ ಶಿಸ್ತು.

"ಅರ್ಜೀಲಿ ಏಳು ಐತೆ," ಅಂದಳು ಕೊನೆಗೆ. "ಈಗ ಒಂದು ಅಂದ್ರೆ ಸುಳ್ಳುಬುರುಕಿ ಅಂತಾರೆ. ಇದನ್ನ ಕೊಡದೇ ಇದ್ರೆ?"

"ಕೊಡದಿದ್ದರೆ ನಾಳೆ ಸಂಜೆಗೆ ಅರ್ಜಿ ಸತ್ತಹಾಗೆ."

"ಅಂಗಾದ್ರೆ ಓಗಾಣ. ಬೈದ್ರೆ ನಾನೂ ಬೈತೀನಿ."

ಸೋಮವಾರ ಬೆಳಿಗ್ಗೆ ಅದೇ ಸ್ಟುಡಿಯೋದಲ್ಲಿ ಎರಡು ಚಿತ್ರಗಳನ್ನು ಮುದ್ರಿಸಿದೆ. ಯಾವುದನ್ನೂ ತಿದ್ದಲಿಲ್ಲ. ಸ್ಟುಡಿಯೋದವನು ಒಂದನ್ನು ಬೆಳಕಿಗೆ ಹಿಡಿದು ನೋಡಿ, ಫ್ಲ್ಯಾಷ್‌ಗೆ ಏನು ಕಟ್ಟಿದ್ದಿರಿ ಎಂದು ಕೇಳಿದ. ರವಿಕೆ ಎಂದೆ.

ಕಚೇರಿಯ ಗುಮಾಸ್ತ ಫೋಟೋ ನೋಡಿದ, ಅರ್ಜಿ ನೋಡಿದ, ಎರಡನ್ನೂ ನಮ್ಮ ಕಡೆ ತಳ್ಳಿದ.

"ಅಮ್ಮಾ, ಅರ್ಜಿಯಲ್ಲೊಂದು ನಂಬರ್, ಫೋಟೋದಲ್ಲೊಂದು ನಂಬರ್. ಹೊಂದಿಕೆ ಇಲ್ಲ. ಇದನ್ನ ತಗೊಳಕ್ಕೆ ಬರಲ್ಲ."

"ಅರ್ಜಿ ಬರೆಸಿದ್ದು ನಾನು, ತಪ್ಪು ನಂದು," ಅಂದಳು ಅತ್ತೆ. "ಬಿಲ್ಲೇದಲ್ಲ. ಪೆನ್ನು ಕೊಡಿ ಸ್ವಾಮಿ."

ಅವಳು ಏಳನ್ನು ಹೊಡೆದುಹಾಕಿ ಒಂದು ಬರೆದು ಪಕ್ಕದಲ್ಲಿ ಸಹಿ ಮಾಡಿದಳು.

"ಹೀಗೆಲ್ಲ ತಿದ್ದಂಗಿಲ್ಲಮ್ಮ."

"ಸರಿ, ತಿದ್ದಿದ್ದು ಬಿಡಿ. ನಿಮ್ಮ ಪುಸ್ತಕದಾಗೆ ಎರಡೂ ನಂಬರ್ ತೆಗೀರಿ. ಒಂದರಲ್ಲೂ ನಮ್ಮೋರ ಹೆಸರಿಲ್ಲ ಅಂದ್ರೆ ನಾನು ಮನೆ ಬೀಗ ತಂದು ಈ ಮೇಜಿನ ಮೇಲೆ ಇಡ್ತೀನಿ. ಇದ್ರೆ ನೀವು ಮುದ್ರೆ ಒತ್ತಬೇಕು."

ಬೀಗದ ಮಾತು ನಾವಿಬ್ಬರೂ ಆಡಿಕೊಂಡದ್ದಲ್ಲ. ಹಿಂದೆ ಸಾಲಿನಲ್ಲಿದ್ದವರು ತಮಿಳಿನಲ್ಲಿ ಏನೋ ಅಂದರು. ಅವಳು ತಿರುಗಿ ತಮಿಳಿನಲ್ಲೇ ಉತ್ತರ ಕೊಟ್ಟಳು. ಅವರು ನಕ್ಕರು. ಅತ್ತೆ ಗುಮಾಸ್ತನ ಕಿಟಕಿಯ ಮುಂದಿನಿಂದ ಮಾತ್ರ ಕದಲಲಿಲ್ಲ.

ಗುಮಾಸ್ತ ಎದ್ದು ಹೋಗಿ, ಬಿಲ್ಲೆ ನಂಬರುಗಳ ಕ್ರಮದಲ್ಲಿ ಹೆಸರು ಬರೆದಿದ್ದ ದಪ್ಪ ಪುಸ್ತಕ ತಂದ. ಮೊದಲು ಏಳರ ನಂಬರ್ ತೆಗೆದ. ಅಲ್ಲಿ ಬೇರೊಬ್ಬರ ಹೆಸರು. ಸ್ಟುಡಿಯೋದಲ್ಲಿ ಏಳನ್ನು ಒತ್ತಿಸಿಕೊಂಡು ಬಂದಿದ್ದರೆ ಅತ್ತೆಯ ಅರ್ಜಿ ಆ ಸಾಲಿನಲ್ಲೇ ಮುಗಿಯುತ್ತಿತ್ತು. ಅವನು ಹಾಳೆಗಳನ್ನು ಹಿಂದಕ್ಕೆ ಮಗುಚಿದ. ಬೆರಳು ಒಂದು ಕಡೆ ನಿಂತಿತು. ಮಾವನ ಹೆಸರನ್ನೂ ಅವರ ತಂದೆಯ ಹೆಸರನ್ನೂ ಗಟ್ಟಿಯಾಗಿ ಓದಿ, "ಇವರೇನಾ?" ಎಂದು ಕೇಳಿದ.

"ಇನ್ನೊಂದ್ಸಲ ಓದಿ," ಅಂದಳು ಅತ್ತೆ.

ಅವನು ಓದಿದ. ತಿದ್ದಿದ ಅರ್ಜಿಯ ಮೇಲೆಯೇ ಮುದ್ರೆ ಒತ್ತಿದ.

ಇಷ್ಟಕ್ಕೆ ಮನೆ ಅವಳದಾಯಿತು ಎಂದು ಬರೆಯಲಾರೆ. ಆದೇಶ ಇನ್ನೂ ಬಂದಿಲ್ಲ. ಅರ್ಜಿ ಬದುಕಿದೆ, ಅದಕ್ಕೊಂದು ರಸೀದಿ ಇದೆ. ಸದ್ಯಕ್ಕೆ ದಾಖಲೆಯಲ್ಲಿರುವುದು ಅಷ್ಟು. ಹೋದ ವಾರ ಕಚೇರಿಯಿಂದ ಮನೆಯ ಅಳತೆಗೆಂದು ಇಬ್ಬರು ಬಂದಿದ್ದರು. ಅವರಲ್ಲೊಬ್ಬ ಟೇಪು ಹಿಡಿದು ನೇರ ಒಳಗೆ ಕಾಲಿಡಲು ಹೋದ. ಯಂತ್ರ ತುಳಿಯುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದಳು:

"ಚಪ್ಪಲಿ ಆಚೆ ಬಿಟ್ಟು ಬಾಪ್ಪ. ನಮ್ಮ ಮನೆ ಇದು."

ಅವನು ಬಿಟ್ಟು ಬಂದ.