ಎಪ್ಪತ್ತಕ್ಕೆ ಮುಗಿಯದ ಮಗ್ಗಿ

ಗಂಗರತ್ನಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಬೆಳಗಿನ ರೈಲಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಹೆಂಗಸರ ಡಬ್ಬಿಗೆ ನುಗ್ಗಿ ಬೀಡಿ ಸೇದುತ್ತಿದ್ದ ಗಂಡಸೊಬ್ಬನ ಬಾಯಿಂದ ಬೀಡಿಯನ್ನು ಕಿತ್ತು ಕಿಟಕಿಯಾಚೆ ಎಸೆದವಳು ಈಕೆಯೇ. ನೋಡಲು ಬಂದ ಮೊದಲ ಗಂಡು, ಹುಡುಗಿ ಮೆಲ್ಲಗೆ ಮಾತಾಡುತ್ತಾಳೆಯೇ ಎಂದು ಕೇಳಿದ್ದಕ್ಕೆ, ಒಳಗಿನಿಂದಲೇ ಇಲ್ಲ ಎಂದು ಕೂಗಿ ಹೇಳಿದವಳೂ ಈಕೆಯೇ. ಆ ಗಂಡು, ಕೈಗೆ ಕೊಟ್ಟಿದ್ದ ಕಾಫಿಯನ್ನೂ ಮುಗಿಸದೆ ಎದ್ದು ಹೋದನಂತೆ. ಅಪ್ಪ ಚಿಕ್ಕಮುನಿಯಪ್ಪ ವಾರಗಟ್ಟಲೆ ಮಗಳ ಜೊತೆ ಮಾತು ಬಿಟ್ಟಿದ್ದ.

ಆದರೆ ಹುಟ್ಟಿನಿಂದ ಬಂದ ಕೋಪ ಬೇರೆ, ಯಾರೋ ತಂದು ಕೊಟ್ಟ ಕೋಪ ಬೇರೆ. ಗಂಗರತ್ನಮ್ಮನ ಎದೆಯಲ್ಲಿ ಎರಡನೆಯದೂ ಒಂದಿತ್ತು, ಅದಕ್ಕೆ ಕಾರಣ ಮಗ್ಗಿ.

ಬಂಗಾರಪೇಟೆ ಪಕ್ಕದ ಅವಳ ಹಳ್ಳಿಯ ಶಾಲೆಯಲ್ಲಿ ಅವಳೇ ಮಗ್ಗಿಯ ಮುಂದಾಳು. ಸಂಜೆ ಕೊನೆಯ ಪಿರಿಯಡ್ಡಿನಲ್ಲಿ ಎಲ್ಲ ಮಕ್ಕಳೂ ಹೊಂಗೆ ಮರದ ಕೆಳಗೆ ನಿಲ್ಲಬೇಕು. ಒಬ್ಬರು ಮುಂದೆ ನಿಂತು ಕೂಗಬೇಕು, ಉಳಿದವರು ಹಿಂದಿನಿಂದ ಕೂಗಬೇಕು. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು. ಗಂಗರತ್ನಳ ಗಂಟಲು ಕೆರೆಯಾಚೆಗೂ ಕೇಳುತ್ತಿತ್ತು. ಹೊಲದಲ್ಲಿದ್ದ ಅಪ್ಪ ಅದನ್ನು ಕೇಳಿ, ನಮ್ಮ ಹುಡುಗಿ ಅದು, ಎಂದು ಕೂಲಿಯವರಿಗೆಲ್ಲ ಹೇಳುತ್ತಿದ್ದ. ಅವಳೂ ಹಾಗೇ ಬೀಗಿಕೊಂಡು ಬೆಳೆದಳು. ಕೊನೆಗೆ ಶಿಕ್ಷಕಿಯಾಗಲು ಕೋಲಾರದ ತರಬೇತಿಗೆ ಸೇರಿದಳು. ಅಲ್ಲಿ ಒಂದು ದಿನ ಲೆಕ್ಕದ ಪಾಠ ಮಾಡುವವರು, ತೊಂಬತ್ತೊಂದು ಏಳರ ಅಪವರ್ತ್ಯ ಹೌದೋ ಅಲ್ಲವೋ ಎಂದು ಕೇಳಿದರು. ಗಂಗರತ್ನಮ್ಮ ತಟ್ಟನೆ ಎದ್ದು ನಿಂತು ಅಲ್ಲ ಎಂದಳು. ಯಾಕೆ ಅಲ್ಲ ಎಂದಾಗ, ಏಳರ ಮಗ್ಗಿ ಎಪ್ಪತ್ತಕ್ಕೆ ಮುಗಿಯುತ್ತದಲ್ಲ ಸಾರ್ ಎಂದಳು. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಏಳನ್ನು ಹತ್ತರಿಂದಷ್ಟೇ ಅಲ್ಲ, ಹದಿಮೂರರಿಂದ ಗುಣಿಸಿದರೂ ಬರುವುದು ಏಳರ ಅಪವರ್ತ್ಯವೇ, ನೂರರಿಂದ ಗುಣಿಸಿದರೂ ಅಷ್ಟೇ, ಅದಕ್ಕೆ ಕೊನೆಯೇ ಇಲ್ಲ ಎಂದು ಅವರು ಬಿಡಿಸಿ ಹೇಳಿದರು. ಹಾಸ್ಟೆಲಿಗೆ ಬಂದು ಅವಳು ಊಟ ಮಾಡಲಿಲ್ಲ. ನಕ್ಕವರ ಮೇಲಿನ ಸಿಟ್ಟು ನಾಲ್ಕು ದಿನಕ್ಕೆ ಇಳಿಯಿತು. ಊರಿನ ಹೊಂಗೆ ಮರದ ಕೆಳಗೆ ತನ್ನನ್ನು ವರ್ಷಾನುಗಟ್ಟಲೆ ಸುಮ್ಮನೆ ಕೂಗಿಸಿದವರ ಮೇಲಿನ ಸಿಟ್ಟು ಮಾತ್ರ ಇಳಿಯಲೇ ಇಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಅವಳಿಗೆ ಆಂಡರ್ಸನ್‌ಪೇಟೆಯಾಚೆಗಿನ ಒಂದು ಹಳ್ಳಿಗೆ ಪೋಸ್ಟಿಂಗ್ ಆಯಿತು. ಮಾರಿಕುಪ್ಪಂನಲ್ಲಿ ಇಳಿದು ನಡೆಯಬೇಕು. ಅಲ್ಲಿಯೂ ಅದೇ ಮರ, ಅದೇ ಕೂಗು. ಊರಿನ ಹೆಂಗಸರು ಮಗ್ಗಿ ಕೇಳಿದ ಮೇಲೆಯೇ ಹಸುಗಳ ಹಗ್ಗ ಬಿಚ್ಚಿ ಹಾಲು ಕರೆಯಲು ಹೊರಡುತ್ತಿದ್ದರು. ಡೇರಿಗೆ ಹಾಲು ಹಾಕುವ ಹೊತ್ತು ಗೊತ್ತಾಗುವುದೇ ಅದರಿಂದ. ಮಗ್ಗಿ ಜೋರಾಗಿ ಕೇಳಿದರೆ ಶಾಲೆ ಚೆನ್ನಾಗಿ ನಡೆಯುತ್ತಿದೆ ಎಂದರ್ಥ, ಒಳಗೆ ಏನು ನಡೆಯುತ್ತದೆಂದು ಯಾರೂ ಬಂದು ನೋಡುತ್ತಿರಲಿಲ್ಲ. ಹೆಡ್‌ಮಾಸ್ತರು ಕೋದಂಡಪ್ಪನವರು ಆ ಶಾಲೆಗೆ ಬಂದು ಎಷ್ಟೋ ಕಾಲವಾಗಿತ್ತು. ಈಗಿನ ಮಕ್ಕಳ ಅಪ್ಪಂದಿರಿಗೂ ಮಗ್ಗಿ ಕಲಿಸಿದ್ದು ಅವರೇ, ಕೈಯಲ್ಲಿ ಹುಣಸೆ ಬರಲು ಹಿಡಿದು.

ನಾಲ್ಕನೆಯ ತರಗತಿಗೆ ಕಾಲಿಟ್ಟ ಮೊದಲ ದಿನವೇ ಗಂಗರತ್ನಮ್ಮ ಎಂಬತ್ತನಾಲ್ಕು ಏಳರ ಅಪವರ್ತ್ಯವೇ ಎಂದು ಕೇಳಿದಳು. ಅಲ್ಲ ಮಿಸ್, ಎಂದಿತು ಇಡೀ ತರಗತಿ, ಒಂದೇ ಉಸಿರಿಗೆ. ಯಾಕೆ ಎಂದರೆ, ಅದು ಎಪ್ಪತ್ತಕ್ಕೆ ಮುಗೀತು ಮಿಸ್ ಎಂದರು. ಸರಿ, ಏಳೆಂಟ್ಲ ಎಷ್ಟು ಎಂದರೆ ನೇರವಾಗಿ ಒಬ್ಬರೂ ಹೇಳಲಾರರು. ಏಳೊಂದ್ಲದಿಂದ ಹತ್ತಿಕೊಂಡೇ ಬರಬೇಕು, ನಡುವೆ ಕೆಮ್ಮು ಬಂದರೆ ಮತ್ತೆ ಕೆಳಗಿನಿಂದ ಹೊರಡಬೇಕು. ಗಂಗರತ್ನಮ್ಮನ ಮೈಯೆಲ್ಲ ಉರಿದುಹೋಯಿತು. ಮಕ್ಕಳನ್ನು ಬೈಯಲು ಮನಸ್ಸು ಬರಲಿಲ್ಲ, ಸೀಮೆಸುಣ್ಣವನ್ನು ಗೋಡೆಗೆ ಎಸೆದಳು.

ಕೋದಂಡಪ್ಪನವರ ಹತ್ತಿರ ಹೋಗಿ, ಇವರಿಗೆ ಬಾಯಿಪಾಠ ಬಿಟ್ಟು ಬೇರೆ ಏನೂ ಬರುವುದಿಲ್ಲ, ನನ್ನ ತರಗತಿ ಇನ್ನು ಮರದ ಕೆಳಗೆ ಬಂದು ಕೂಗುವುದಿಲ್ಲ ಎಂದಳು. ಅವರು ಕನ್ನಡಕದ ಮೇಲಿಂದ ನೋಡಿ, ನನಗೂ ಹೀಗೇ ಹೇಳಿಕೊಟ್ಟರಮ್ಮ, ಏನು ಕಡಿಮೆಯಾಯಿತು, ಎಂದರು. ಏನು ಕಡಿಮೆಯಾಯಿತೆಂದು ಹೇಳಲು ಅವಳ ನಾಲಿಗೆ ತುರಿಸಿತು. ಕಷ್ಟಪಟ್ಟು ತಡೆದುಕೊಂಡಳು.

ಶಾಲೆಯ ಸುತ್ತ ಕಲ್ಲುಕೂಚಗಳ ಬೇಲಿ. ಕಲ್ಲಿನ ಕಂಬಗಳನ್ನು ಒಂದರ ಪಕ್ಕ ಒಂದು ನೆಟ್ಟಿರುತ್ತಾರಲ್ಲ, ಆ ಕಡೆ ಎಲ್ಲ ತೋಟಕ್ಕೂ ಅದೇ. ಗಂಗರತ್ನಮ್ಮ ಮಕ್ಕಳ ಕೈಗೆ ಇದ್ದಿಲ ಚೂರು ಕೊಟ್ಟಳು. ಗೇಟಿನಿಂದ ಎಣಿಸುತ್ತ ಹೋಗಿ, ಪ್ರತಿ ಏಳನೆಯ ಕೂಚಕ್ಕೆ ಒಂದು ಗೆರೆ ಎಳೆಯಿರಿ, ಎಷ್ಟನೆಯ ಕೂಚ ಎಂದು ಕೂಗಿ ಹೇಳಿ ಎಂದಳು. ಏಳು, ಹದಿನಾಲ್ಕು, ಇಪ್ಪತ್ತೊಂದು ಎಂದು ಗೆರೆಗಳು ಬಿದ್ದವು. ಎಪ್ಪತ್ತರಲ್ಲಿ ಎಲ್ಲರೂ ನಿಂತುಬಿಟ್ಟರು. ಆಂಜಿನಪ್ಪನ ಮಗಳು ಮಾರಿಯಮ್ಮ ಮಾತ್ರ ನಿಲ್ಲಲಿಲ್ಲ. ಬೇಲಿ ಮುಂದೆ ಇತ್ತಲ್ಲ, ಅವಳೂ ಮುಂದೆ ಹೋದಳು. ಎಪ್ಪತ್ತೇಳು ಎಂದು ಗೆರೆ ಎಳೆದು, ತಪ್ಪು ಮಾಡಿದೆನೇನೋ ಎನ್ನುವಂತೆ ತಿರುಗಿ ನೋಡಿದಳು. ಹೋಗು ಹೋಗು ಎಂದಳು ಗಂಗರತ್ನಮ್ಮ. ತೊಂಬತ್ತೊಂದನೆಯ ಕೂಚ ಬಂದಾಗ ಗಂಗರತ್ನಮ್ಮನೇ ಓಡಿಹೋಗಿ ಆ ಕಲ್ಲನ್ನು ಅಂಗೈಯಿಂದ ಬಡಿದಳು. ಮಕ್ಕಳಿಗೆ ಏನೆಂದು ತಿಳಿಯಲಿಲ್ಲ, ಅವರೂ ಒಬ್ಬೊಬ್ಬರಾಗಿ ಬಂದು ಬಡಿದರು.

ಅಷ್ಟಕ್ಕೇ ನಿಂತಿದ್ದರೆ ಗಲಾಟೆ ಇರುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಮಾರಿಯಮ್ಮ ತಾನಾಗಿಯೇ ಮುಂದುವರಿಸಿದಳು. ಶಾಲೆಯ ಬೇಲಿ ಮುಗಿದರೆ ಸೊಣ್ಣಪ್ಪನ ಹಿಪ್ಪುನೇರಳೆ ತೋಟದ ಬೇಲಿ, ಅದು ರಸ್ತೆಯವರೆಗೂ ಹೋಗುತ್ತದೆ. ಹುಡುಗಿ ಕತ್ತಲಾಗುವವರೆಗೆ ಎಣಿಸಿ ಗೆರೆ ಎಳೆದಿದ್ದಳು.

ಮರುದಿನ ಮಂಗಳವಾರ. ತೋಟಕ್ಕೆ ಬಂದ ಸೊಣ್ಣಪ್ಪನಿಗೆ ತನ್ನ ಬೇಲಿಯ ಉದ್ದಕ್ಕೂ ಕರಿ ಗೆರೆಗಳು ಕಂಡವು. ನಡುವೆ ಎಷ್ಟು ಕಲ್ಲು ಬಿಟ್ಟಿದ್ದಾರೆಂದು ಎಣಿಸಿದ, ಎಲ್ಲ ಕಡೆಯೂ ಒಂದೇ ಲೆಕ್ಕ. ಯಾರೋ ಮಾಟ ಮಾಡಿಸಿದ್ದಾರೆ, ರೇಷ್ಮೆ ಹುಳುವಿನ ಮನೆ ಹಾಳಾಗಲಿ ಎಂದೇ ಮಾಡಿದ್ದಾರೆ ಎಂದು ಅವನ ಎದೆ ಹಾರಿತು. ಮಂತ್ರಿಸುವವನನ್ನು ಕರೆಸಿ, ಕೋಳಿ ಕುಯ್ಯಿಸಿ, ಬೇಲಿಗೆಲ್ಲ ಅರಿಶಿನದ ನೀರು ಹಾಕಿಸಿದ. ಆಮೇಲೆ ಯಾರೋ, ಅದು ಆಂಜಿನಪ್ಪನ ಮಗಳು ಲೆಕ್ಕ ಬರೆದದ್ದು ಎಂದು ಹೇಳಿದರು. ಭಯ ಹೋಯಿತು, ಊರೆಲ್ಲ ನಗುವ ಹಾಗಾಯಿತಲ್ಲ ಎಂಬ ಅವಮಾನ ಉಳಿಯಿತು. ಆಂಜಿನಪ್ಪ ಅವನ ತೋಟದಲ್ಲೇ ಕೂಲಿಗಿದ್ದವನು. ಹೆಂಗಸರ ಮುಂದೆ, ಕೂಲಿಯವರ ಮುಂದೆ ಅವನನ್ನು ನಿಲ್ಲಿಸಿ, ಮಗಳನ್ನು ಹದ್ದುಬಸ್ತಿನಲ್ಲಿಡಲು ಬಾರದವನು ಎಂದು ಸೊಣ್ಣಪ್ಪ ಬಾಯಿಗೆ ಬಂದಂತೆ ಬೈದ. ಆಂಜಿನಪ್ಪ ಎಲ್ಲವನ್ನೂ ನಿಂತು ಕೇಳಿಸಿಕೊಂಡ. ಮನೆಗೆ ಬಂದು ಮಗಳ ಬೆನ್ನಿಗೆ ನಾಲ್ಕು ಬಿಟ್ಟು, ನಾಳೆಯಿಂದ ಸ್ಕೂಲು ಇಲ್ಲ ಎಂದ.

ಮಾರಿಯಮ್ಮ ಬಾರದಿದ್ದಾಗ ಗಂಗರತ್ನಮ್ಮ ಮಕ್ಕಳನ್ನು ವಿಚಾರಿಸಿದಳು. ಕೇಳಿದ್ದೇ ತಡ, ಕೆಂಡವಾದಳು. ಸಂಜೆಯ ರೈಲು ಹೋದರೆ ಹೋಗಲಿ ಎಂದು ಆಂಜಿನಪ್ಪನ ಮನೆಗೆ ನಡೆದಳು. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಒಂದು ಹುಡುಗಿ ಮೊದಲ ಸಲ ತಾನಾಗಿ ಎಪ್ಪತ್ತು ದಾಟಿದ್ದಾಳೆ, ಅವಳನ್ನೇ ಹಿಪ್ಪುನೇರಳೆ ಸೊಪ್ಪು ಕುಯ್ಯಲು ಅಟ್ಟುತ್ತಾರಂತೆ. ಈ ಊರಿಗೆ ಬುದ್ಧಿ ಹೇಳಲು ಎಷ್ಟು ಗಂಟಲಿದ್ದರೂ ಸಾಲದು ಎನಿಸಿತು ಅವಳಿಗೆ.

ಜಗುಲಿಯ ಮೇಲೆ ಆಂಜಿನಪ್ಪ ಕುಡುಗೋಲು ಮಸೆಯುತ್ತಿದ್ದ. ಹೆಂಡತಿ ಅಮ್ಮಾಜಮ್ಮ ಹುರುಳಿ ಕೇರುತ್ತಿದ್ದವಳು ಎದ್ದು ಚಾಪೆ ಹಾಕಿದಳು. ಗಂಗರತ್ನಮ್ಮ ಕೂರಲಿಲ್ಲ. ಹುಡುಗಿಯನ್ನು ಯಾಕೆ ಬಿಡಿಸಿದಿರಿ ಎಂದು ನಿಂತೇ ಕೇಳಿದಳು.

"ಓದಿದ್ದು ಸಾಕು ಟೀಚ್ರಮ್ಮ," ಎಂದ ಆಂಜಿನಪ್ಪ, ತಲೆ ಎತ್ತದೆ. "ನೀವು ಬಂದ್ಮೇಲೆ ಮಗ್ಗಿ ಸದ್ದೇ ಕಡ್ಮೆ ಆಯ್ತು. ಬೇಲಿ ಕೆಡ್ಸೋದು ಕಲ್ತವ್ಳೆ. ನಾನು ನಾಕ್ನೇ ಕ್ಲಾಸ್ನಾಗೆ ಇಪ್ಪತ್ತರ ಗಂಟ ಮಗ್ಗಿ ಯೋಳ್ತಿದ್ದೆ. ಇವತ್ತೂ ಯೋಳ್ತೀನಿ."

ಹೇಳಿ ನೋಡೋಣ ಹದಿನಾರರದು, ಎಂದಳು ಗಂಗರತ್ನಮ್ಮ.

ಆಂಜಿನಪ್ಪ ಕುಡುಗೋಲು ಕೆಳಗಿಟ್ಟ. ಎದ್ದು ನಿಂತ. ಕೈಕಟ್ಟಿಕೊಂಡು ಕಣ್ಣು ಮುಚ್ಚಿದ. ಹದಿನಾರೊಂದ್ಲ ಹದಿನಾರು ಎಂದು ಶುರುಮಾಡಿ, ಒಂದು ಕಡೆಯೂ ತಡವರಿಸದೆ ಹದಿನಾರ್ಹತ್ಲ ನೂರರವತ್ತಕ್ಕೆ ತಂದು ನಿಲ್ಲಿಸಿದ. ಕಣ್ಣು ಬಿಟ್ಟಾಗ ಮುಖದಲ್ಲಿ ಗೆದ್ದ ಕಳೆ ಇತ್ತು.

ಆಮೇಲೆ, ಎಂದಳು ಗಂಗರತ್ನಮ್ಮ.

ಆಮೇಲೇನು, ಮುಗೀತು, ಎಂದ ಅವನು.

ಗಂಗರತ್ನಮ್ಮನಿಗೆ ನಗು ಬಂದುಬಿಟ್ಟಿತು. ಕೆಟ್ಟ ನಗು ಅದು, ಸಿಟ್ಟು ಹುಳಿಯಾದರೆ ಬರುವಂಥದು. ಅಮ್ಮಾಜಮ್ಮ ಮೊರ ಬಿಟ್ಟು ಗಂಡನ ಮುಖ ನೋಡಿದಳು. ಬಾಗಿಲ ಹಿಂದೆ ನಿಂತಿದ್ದ ಮಾರಿಯಮ್ಮ ತಲೆ ತಗ್ಗಿಸಿಕೊಂಡಳು. ಹೆಂಡತಿ ಮಗಳ ಎದುರಿಗೆ ಆ ಗಂಡಸಿನ ಮುಖ ಸಣ್ಣದಾಗಿ ಹೋಯಿತು. ಕೋಲಾರದ ತರಗತಿ ತನಗೆ ಮಾಡಿದ್ದನ್ನೇ ತಾನು ಇವನಿಗೆ ಮಾಡಿದೆನೆಂದು ಗಂಗರತ್ನಮ್ಮನಿಗೆ ಆಗಲೇ ಅರಿವಾದದ್ದು. ನಾಚಿಕೆಯಾಯಿತು. ಚಾಪೆಯ ಮೇಲೆ ಕುಳಿತಳು. ತರಬೇತಿಯ ಇಷ್ಟೂ ಕತೆಯನ್ನು, ಎದ್ದು ನಿಂತು ಅಲ್ಲ ಎಂದದ್ದು, ಎಲ್ಲರೂ ನಕ್ಕದ್ದು, ಊಟ ಬಿಟ್ಟದ್ದು, ಒಂದನ್ನೂ ಬಿಡದೆ ಹೇಳಿದಳು. ಸಿಟ್ಟು ಇಳಿದಿತ್ತೋ ಏನೋ, ಮಾತು ಊರಿನದೇ ಬಂತು.

"ನಂಗೂ ಯಾರೂ ಯೋಳಿರ್ಲಿಲ್ಲ ಆಂಜಿನಪ್ಪಣ್ಣ. ನೂರರವತ್ತಕ್ಕೆ ಇನ್ನೊಂದ್ ಹದಿನಾರು ಸೇರ್ಸು, ನೋಡು."

ಆ ಕಡೆಯ ಜನ ಎಣಿಸುವುದು ಹೆಬ್ಬೆರಳಿನಿಂದ, ಮೂರು ಗೆರೆ ಒಂದು ತುದಿ ಎಂದು ಬೆರಳಿಗೆ ನಾಲ್ಕರಂತೆ, ನಾಲ್ಕು ಬೆರಳಿಗೆ ಹದಿನಾರು. ಒಂದು ಕೈ ಮುಗಿದರೆ ಒಂದು ಹದಿನಾರು. ಆಂಜಿನಪ್ಪ ಕಿರುಬೆರಳಿನಿಂದ ಶುರುಮಾಡಿದ. ತೋರುಬೆರಳಿನ ತುದಿಗೆ ಬಂದಾಗ ನೂರೆಪ್ಪತ್ತಾರು ಎಂದ. ಯಾರೂ ಹೇಳದೆ ಮತ್ತೆ ಕಿರುಬೆರಳಿಗೆ ಹೆಬ್ಬೆರಳಿಟ್ಟ. ನೂರ ತೊಂಬತ್ತೆರಡು. ಮತ್ತೆ ಒಂದು ಕೈ, ಇನ್ನೂರ ಎಂಟು. ಮತ್ತೆ ಒಂದು ಕೈ. ಸಾಕು ಎನ್ನುವವರಿಲ್ಲ, ಅವನೂ ನಿಲ್ಲಿಸುತ್ತಿಲ್ಲ. ಮುನ್ನೂರು ದಾಟಿದ ಮೇಲೆ ಹೆಬ್ಬೆರಳನ್ನು ಕಿರುಬೆರಳ ಮೇಲೆಯೇ ಇಟ್ಟುಕೊಂಡು ತಲೆ ಎತ್ತಿದ. ಇದು ಎಲ್ಲಿಗೂ ನಿಲ್ಲೋದಿಲ್ವಾ ಎಂದು ಕೇಳಿದ. ಇಲ್ಲ ಎಂದಳು ಗಂಗರತ್ನಮ್ಮ.

ಅವನು ಸಂತೋಷಪಡುತ್ತಾನೆಂದು ಅವಳು ಎಣಿಸಿದ್ದಳು. ಆಂಜಿನಪ್ಪ ಹಲ್ಲು ಕಡಿದ. ಕುಡುಗೋಲನ್ನು ಎತ್ತಿ ಸೂರಿಗೆ ಸಿಕ್ಕಿಸಿ ಹಿತ್ತಿಲಿಗೆ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ನೀವು ಓಗಿ ಟೀಚ್ರಮ್ಮ, ಅವ್ರಿಗೆ ಸಿಟ್ಟು ಬಂದ್ರೆ ಇಂಗೇ, ಎಂದಳು ಅಮ್ಮಾಜಮ್ಮ. ಹುಡುಗಿಯ ವಿಷಯ ಕೆಟ್ಟಿತು, ನನ್ನ ಬಾಯಿ ನನಗೇ ಶತ್ರು ಎಂದುಕೊಂಡು ಗಂಗರತ್ನಮ್ಮ ಮಾರಿಕುಪ್ಪಂನ ದಾರಿ ಹಿಡಿದಳು. ತನ್ನ ಮೇಲೆಯೇ ಅಷ್ಟು ಕೋಪ ಅವಳಿಗೆ ಹಿಂದೆಂದೂ ಬಂದಿರಲಿಲ್ಲ.

ಮರುದಿನ ಬೆಳಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಆಂಜಿನಪ್ಪ ಮಗಳ ಕೈ ಹಿಡಿದುಕೊಂಡು ಶಾಲೆಯೊಳಗೆ ಬಂದ. ಗಂಗರತ್ನಮ್ಮನ ಕಡೆ ನೋಡಲೂ ಇಲ್ಲ. ಮಗಳನ್ನು ನಾಲ್ಕನೆಯ ತರಗತಿಯ ಸಾಲಿಗೆ ನೂಕಿ, ನೇರವಾಗಿ ಕೋದಂಡಪ್ಪನವರ ಮೇಜಿನ ಮುಂದೆ ಹೋಗಿ ನಿಂತ. ಟಿಸಿ ಕೇಳಲು ಬಂದಿದ್ದಾನೆಂದು ಅವರು ಡ್ರಾಯರು ಎಳೆದರು. ಅವರೆದುರಿಗೆ ಯಾವತ್ತೂ ಹೆಗಲ ಮೇಲಿನ ಟವಲು ತೆಗೆದು ಕಂಕುಳಿಗಿಟ್ಟುಕೊಂಡು ಮಾತಾಡುತ್ತಿದ್ದವನು ಅವನು. ಅವತ್ತು ಟವಲು ಹೆಗಲ ಮೇಲೆಯೇ ಇತ್ತು.

"ಸಾ, ಹದಿನಾರ್ಹತ್ಲ ನೂರರವತ್ತು ಅಂತ ಒಡ್ದೊಡ್ದು ಕಲ್ಸಿದ್ರಿ. ಅದ್ರ ಮುಂದೆ ಐತೆ ಅಂತ ನಂಗ್ಯಾಕೆ ಯೋಳ್ಲಿಲ್ಲ?"

ಕೋದಂಡಪ್ಪನವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಸಾಲಿನಲ್ಲಿದ್ದ ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಪುಸ್ತಕದಲ್ಲಿ ಅಷ್ಟೇ ಇತ್ತು ಕಣಪ್ಪ, ಎಂದರು ಅವರು ಕೊನೆಗೆ.

"ನಾನ್ ಕೇಳ್ತಿರೋದು ಪುಸ್ತಕನಲ್ಲ ಸಾ," ಎಂದ ಆಂಜಿನಪ್ಪ. "ನಿಮ್ಮನ್ನ."